ಮೇಷ್ಟ್ರು ಕಲಿತು ಬಂದ ಸಮಾನತೆ

ನಿನ್ನೆ ಭದ್ರಾವತಿಯ ಆಸ್ಪತ್ರೆಯಲ್ಲಿ ನರ್ಸ್ ತೋಳಿಗೆ ಸ್ಪಿರಿಟ್ ಒರೆಸಿದಳು. ಆ ವಾಸನೆಗೆ ನಮ್ಮೂರ ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು ನೆನಪಾಗಿ ಮೈಯೆಲ್ಲ ಉರಿಯಿತು.

ಅವರ ತರಗತಿಯಲ್ಲಿ ಪ್ರಯೋಗವೆಲ್ಲ ಹುಡುಗರದು, ಗಾಜಿನ ನಳಿಕೆ ತೊಳೆಯುವುದು ನಮ್ಮದು. ಒಮ್ಮೆ ಶಿವಮೊಗ್ಗಕ್ಕೆ ತರಬೇತಿಗೆ ಹೋಗಿ ಬಂದರು. ವಿಜ್ಞಾನದಲ್ಲಿ ಹೆಣ್ಣು ಗಂಡು ಸಮಾನ ಎಂದು ಅಲ್ಲಿ ಹೇಳಿಕೊಟ್ಟಿದ್ದರಂತೆ.

"ಇವತ್ತಿಂದ ನಿಮಗೂ ಸಮಪಾಲು ಕಣ್ರಮ್ಮಾ. ಸ್ಪಿರಿಟ್ ದೀಪ ಹಚ್ಚೋದು ನೀವು. ಮನೇಲಿ ಒಲೆ ಹಚ್ಚಿ ಅಭ್ಯಾಸ ಇರುತ್ತಲ್ಲ!"

ಹುಡುಗರು ಹೋ ಎಂದು ನಕ್ಕರು. ನಾನು ದೀಪ ಹಚ್ಚಿದೆ, ಇಕ್ಕಳವನ್ನೂ ಎತ್ತಿಕೊಂಡೆ.

"ಮೆಗ್ನೀಸಿಯಂ ಪಟ್ಟಿ ನಾನೇ ಸುಡ್ತೀನಿ ಸಾರ್."

"ಮುಖ ಸುಟ್ಕೊಂಡ್ರೆ ನಿನ್ನ ಯಾರು ಕಟ್ಕೊಳ್ತಾರೆ ಮಾರಾಯ್ತಿ? ಕೊಡು ಇತ್ಲಾಗೆ."

ಅಷ್ಟಕ್ಕೇ ಬಿಡಲಿಲ್ಲ. ಪಿಯುಸಿಗೆ ಸೈನ್ಸೇ ಬೇಕೆಂದು ನಾನು ಹಟ ಹಿಡಿದಾಗ ಮನೆಗೇ ಬಂದು ಅಪ್ಪನಿಗೆ, "ಹುಡುಗಿಗೆ ಎದುರುಮಾತು ಜಾಸ್ತಿ, ಆರ್ಟ್ಸ್ ಸಾಕು" ಎಂದು ಹೇಳಿ, ಕಾಫಿ ಕುಡಿದು ಹೋದರು. ಮೇಷ್ಟ್ರ ಮಾತೆಂದರೆ ಅಪ್ಪನಿಗೆ ದೇವರ ಮಾತು. ನನ್ನ ಸೈನ್ಸ್ ಅಲ್ಲಿಗೇ ಮುಗಿಯಿತು.

ಬರುವ ಭಾನುವಾರ ಹಳೆಯ ವಿದ್ಯಾರ್ಥಿಗಳಿಂದ ಅವರಿಗೆ ಗುರುವಂದನೆ, ಪಾದಪೂಜೆ. ನನ್ನನ್ನೂ ಕರೆದಿದ್ದಾರೆ. ದಾರಿಯಲ್ಲಿ ಕಂಡ ಗುಡಿಗೆಲ್ಲ ನಿಂತು ಕೈ ಮುಗಿಯುವವಳು ನಾನು. ಆ ಕಾಲಿಗೆ ಮಾತ್ರ ಬೀಳುವುದಿಲ್ಲ.