ಸಾಬಣ್ಣನ ನಿನ್ನೆಯ ಹಾಳೆ

ಕಲ್ಯಾಣಪ್ಪನಿಗೆ ಮನುಷ್ಯರನ್ನು ಕಂಡರೂ ಮೊದಲು ಮಾಲೇ ನೆನಪಾಗುತ್ತಿತ್ತು. ಅಬಿಡ್ಸ್‌ನ ಹಿಂದಿನ ಗಲ್ಲಿಯಲ್ಲಿ ಹಳೆಯ ಕಾರುಗಳ ಸಾಮಾನು ಮಾರುತ್ತ ಇಪ್ಪತ್ತೆರಡು ವರ್ಷ ಕಳೆದ ಕಣ್ಣು ಅದು. ಆ ಕಣ್ಣಿಗೆ ಮೆಕ್ಯಾನಿಕ್ ಸಾಬಣ್ಣ ಕಂಡದ್ದು ಹೀಗೆ: ಬಾಡಿ ಸವೆದಿದೆ, ಹೆಡ್‌ಲೈಟ್ ಎರಡೂ ಮಂದ, ಹಾರ್ನ್ ಇಲ್ಲವೇ ಇಲ್ಲ, ವೇಗ ಎತ್ತಿನ ಗಾಡಿಯದು. ಬಿಚ್ಚಿ ಮಾರಿದರೆ ಕೈಗಳಿಗೆ ಮಾತ್ರ ಗಿರಾಕಿ ಸಿಕ್ಕಾರು.

ಸಾಬಣ್ಣ ಯಾದಗಿರಿ ಕಡೆಯಿಂದ ಗಾರೆ ಹೊರಲು ಬಂದ ಆಳು. ಕಾಂಕ್ರೀಟ್ ಕಲಸುವ ಯಂತ್ರ ಕೆಟ್ಟು ನಿಂತ ದಿನ ಅದನ್ನು ಬಿಚ್ಚಿ ಸರಿಮಾಡಿಕೊಟ್ಟ. ಗಾರೆ ಹೊರಲಿಲ್ಲವೆಂದು ಮೇಸ್ತ್ರಿ ಅವತ್ತಿನ ಕೂಲಿ ಹಿಡಿದ. ಮರುದಿನದಿಂದ ಸಾಬಣ್ಣ ಗಾರೆ ಹೊರುವುದನ್ನೇ ಬಿಟ್ಟ. ಕಾಚಿಗೂಡ ಸ್ಟೇಶನ್ನಿನ ಹಿಂದೆ ತಗಡಿನ ಶೆಡ್ಡು ಹಾಕಿಕೊಂಡು, ತನಗಿಂತ ವಯಸ್ಸಾದ ಎಂಜಿನ್‌ಗಳ ಸೇವೆಗೆ ಕೂತುಬಿಟ್ಟ.

ಗಚ್ಚಿಬೌಲಿಯಲ್ಲಿ ಬಂಡೆ ಒಡೆದಲ್ಲೆಲ್ಲ ಗಾಜಿನ ಕಟ್ಟಡ ಏಳುತ್ತಿದ್ದ ಕಾಲ. ಗಾಜಿನೊಳಗೆ ಕೂತವರಿಗೆ ಹೊಸ ಕಾರು ಬೇಸರವಾಗಿ ಹಳೆಯದರ ಹುಚ್ಚು ಹಿಡಿದಿತ್ತು. ಬೆಳಗ್ಗೆ ಅಂಗಡಿಯಲ್ಲಿ ಊದಿನಕಡ್ಡಿ ಹಚ್ಚುವಾಗ ಕಲ್ಯಾಣಪ್ಪ ಆ ಹುಚ್ಚು ವಾಸಿಯಾಗದಿರಲಿ ಎಂದೇ ದೇವರನ್ನು ಬೇಡಿಕೊಳ್ಳುತ್ತಿದ್ದ.

ದೇವರು ರವಿಶಂಕರನನ್ನು ಕಳಿಸಿದ. ಮೈಸೂರಿನವನು, ಸಾಫ್ಟ್‌ವೇರ್ ಕಂಪನಿಯಲ್ಲಿ ಟೆಸ್ಟಿಂಗ್ ಮ್ಯಾನೇಜರ್. ಬೇರೆಯವರ ಕೆಲಸದಲ್ಲಿ ತಪ್ಪು ಹುಡುಕಲು ಕೈಕೆಳಗೆ ಮೂವತ್ತು ಜನ. ಸ್ವಾತಂತ್ರ್ಯಕ್ಕೂ ಮುಂಚಿನ ಕರಿ ಕಾರೊಂದನ್ನು ಕೊಂಡಿದ್ದ. ಶನಿವಾರ ಕಂಪನಿಯ ವಾರ್ಷಿಕೋತ್ಸವ. ಅಮೆರಿಕದಿಂದ ಬರುವ ದೊಡ್ಡ ಸಾಹೇಬನನ್ನು ಅದರಲ್ಲಿ ಕೂರಿಸಿ ಗೇಟಿನಿಂದ ಸ್ಟೇಜಿನ ತನಕ ಮೆರೆಸಬೇಕು. ಎಂಜಿನ್ ಸಾಬಣ್ಣನ ಶೆಡ್ಡಿನಲ್ಲಿ ಬಿಚ್ಚಿಕೊಂಡು ಬಿದ್ದಿತ್ತು. ಅದಕ್ಕೆ ಬೇಕಾದ ಟೈಮಿಂಗ್ ಗೇರ್ ಕೊಟ್ಟವನು ಕಲ್ಯಾಣಪ್ಪ.

"ಒಂದು ಸಲಾನೂ ಎಂಜಿನ್ನಿಗೆ ಹಾಕಿಲ್ರಿ ಸಾಹೇಬ್ರ. ಎಣ್ಣಿಕಾಗದ ಸುದ್ದಾ ಬಿಚ್ಚಿಲ್ಲ" ಎಂದಿದ್ದ. ಎಣ್ಣೆಕಾಗದ ಸುತ್ತಿದವನು ತಾನೇ ಎಂದು ಹೇಳುವ ಅಗತ್ಯ ಅವನಿಗೆ ಕಂಡಿರಲಿಲ್ಲ. ಗುಜರಿಯಲ್ಲಿ ಸಿಕ್ಕ ಗೇರು ಅದು. ನಡುವಿನ ತೂತು ಸವೆದಿತ್ತು. ಲೇತಿನಲ್ಲಿ ಕೊರೆಸಿ, ಒಳಗೆ ಬಳೆಯಂಥದೊಂದು ಬುಶ್ ಕೂರಿಸಿ, ಸೋಡಾದಲ್ಲಿ ಕುದಿಸಿ ಮದುಮಗನ ಹಾಗೆ ಹೊಳೆಯಿಸಿದ್ದ. ರವಿಶಂಕರನ ಮೂವರು ಗೆಳೆಯರ ಹಳೇ ಕಾರುಗಳೂ ಸಾಲಿನಲ್ಲಿದ್ದವು. ಈ ಸುಳ್ಳು ಹೊರಬಿದ್ದರೆ ಗಚ್ಚಿಬೌಲಿಯ ಒಬ್ಬ ಗಿರಾಕಿಯೂ ಮತ್ತೆ ಅವನ ಮೆಟ್ಟಿಲು ಹತ್ತುವುದಿಲ್ಲ. ಆ ಜನರಲ್ಲಿ ಸುದ್ದಿ ಇ-ಮೇಲಿನಲ್ಲಿ ಹೋಗುತ್ತದೆ. ಆದ್ದರಿಂದ ಮೊದಲೇ ಗಿರಾಕಿಯ ಕಿವಿಯಲ್ಲಿ ಒಂದು ಮಾತು ಹಾಕಿಟ್ಟಿದ್ದ: "ಸಾಬಣ್ಣ ಭಾಳ ಅನುಮಾನದ ಮನಿಷ್ಯಾರಿ. ಕಣ್ಣೂ ಮಂದ ಆಗ್ಯಾವ. ಏನರ ಅಂದ್ರ ಮನಸಿಗೆ ಹಚ್ಕೋಬ್ಯಾಡ್ರಿ."

ಬುಧವಾರ ಬೆಳಗ್ಗೆ ಮೂವರೂ ಶೆಡ್ಡಿನಲ್ಲಿ ಸೇರಿದರು. ಸಾಬಣ್ಣ ಎಂಜಿನ್ನಿನ ಸಣ್ಣ ಗೇರಿನ ಚುಕ್ಕೆಗೆ ಕಲ್ಯಾಣಪ್ಪ ಕೊಟ್ಟ ದೊಡ್ಡ ಗೇರಿನ ಚುಕ್ಕೆ ಹೊಂದಿಸಿ ಕೂರಿಸಿದ. ಸಣ್ಣದು ತಿರುಗಿದಂತೆ ದೊಡ್ಡದು ತಿರುಗಿ, ವಾಲ್ವ್‌ಗಳನ್ನು ಹೊತ್ತಿಗೆ ಸರಿಯಾಗಿ ತೆರೆದು ಮುಚ್ಚಿಸಬೇಕು. ಹಲ್ಲುಗಳ ನಡುವೆ ಸಂದು ಹೆಚ್ಚಾದರೆ ಕಟಕಟ, ಕಡಿಮೆಯಾದರೆ ಕಿರುಚಾಟ.

ರವಿಶಂಕರ್ ಕಂಪ್ಯೂಟರಿನಿಂದ ತೆಗೆದ ಹಾಳೆಯನ್ನೂ ಸಂದು ಅಳೆಯುವ ಹೊಸ ಉಕ್ಕಿನ ಪಟ್ಟಿಯನ್ನೂ ಹೊರತೆಗೆದ. ಎದುರಿಗಿದ್ದ ಹಲ್ಲಿನ ನಡುವೆ ಪಟ್ಟಿ ತೂರಿಸಿದ. "ಪರ್ಫೆಕ್ಟ್! ಇಲ್ಲಿ ಬರೆದಿರೋ ನಂಬರ್ರೇ. ಮುಚ್ಚಿಬಿಡಿ ಸಾಬಣ್ಣೋರೇ."

"ಸಾಹೇಬ್ರು ಓದಿದವ್ರು. ಮುಚ್ಚೋ ಸಾಬಣ್ಣ" ಎಂದ ಕಲ್ಯಾಣಪ್ಪ, ಬೇಕಾದ್ದಕ್ಕಿಂತ ತುಸು ಬೇಗ.

ಸಾಬಣ್ಣ ಎದ್ದು ಗೋಡೆಯ ಕ್ಯಾಲೆಂಡರಿನಿಂದ ನಿನ್ನೆಯ ತಾರೀಖಿನ ಹಾಳೆಯನ್ನು ಹರಿದುಕೊಂಡ. ಅವನ ಅಳತೆಗೋಲು ಅದೇ. ಇವತ್ತಿನ ಹಾಳೆಗೆ ಅವನು ಎಂದೂ ಕೈ ಹಚ್ಚಿದವನಲ್ಲ. ದಿನ ಇನ್ನೂ ಬಳಕೆಯಲ್ಲಿದೆ ಎನ್ನುತ್ತಿದ್ದ. ಹಾಳೆಯನ್ನು ಎಳೆಎಳೆಯಾಗಿ ಕತ್ತರಿಸಿ ಹಲ್ಲುಗಳ ನಡುವೆ ಇಟ್ಟು ತಿರುಗಿಸಬೇಕು. ಕಾಗದ ಮಡಿಕೆ ಬೀಳಬೇಕು, ತುಂಡಾಗಬಾರದು.

"ಒಂದ ಕಡೆ ನೋಡಿದ್ರ ಹ್ಯಾಂಗ್ರಿ ಸಾಹೇಬ್ರ? ಗೇರ್ ದುಂಡಗ ಐತಲ್ರಿ."

"ಎಲ್ಲಾ ನೋಡ್ತಾ ಕೂತ್ರೆ ನಮ್ಮಲ್ಲಿ ಯಾವ ಪ್ರಾಜೆಕ್ಟೂ ಮುಗಿಯಲ್ಲ ಸಾಬಣ್ಣೋರೇ."

"ನಿಮ್ಮದು ಕೆಟ್ರ ಮತ್ತೊಂದು ಮಾಡಿ ಕಳಸ್ತೀರಿ. ಇದು ಕೆಟ್ರ ನಿಮ್ಮ ದೊಡ್ಡ ಸಾಹೇಬ್ರು ಇಳದು ತಳ್ಳಬೇಕಾಗತೈತ್ರಿ."

ಮೊದಲ ಎಳೆ ಚೆಂದಾಗಿ ಮಡಿಕೆ ಬಿದ್ದು ಬಂತು. ಕಲ್ಯಾಣಪ್ಪ ಚಹಾ ತರಿಸಲೇ ಎಂದ. ದೊಡ್ಡ ಗೇರು ಕಾಲು ಸುತ್ತು ತಿರುಗಿತು. ಎರಡನೆಯ ಎಳೆ ಕತ್ತರಿ ಹಾಕಿದಂತೆ ಎರಡು ತುಂಡು. ಅರ್ಧ ಸುತ್ತಿಗೆ ಮತ್ತೆ ಮಡಿಕೆ. ಮುಕ್ಕಾಲು ಸುತ್ತಿಗೆ ಕಾಗದ ಮಡಿಕೆಯೂ ಇಲ್ಲದೆ ಜಾರಿ ಬಿತ್ತು. ಚಹಾದ ಮಾತು ಅಲ್ಲೇ ನಿಂತಿತು.

ಸಾಬಣ್ಣ ಗೇರನ್ನು ಹೊರತೆಗೆದ. ತೂತಿನ ಅಂಚಿನಲ್ಲಿ ಕೂದಲೆಳೆಯಷ್ಟು ಗೆರೆ, ಬುಶ್ ಕೂತ ಗುರುತು. ಅದರ ಮೇಲೆ ಉಗುರು ಆಡಿಸಿ, ತಲೆಯೆತ್ತಿ ಗೇರನ್ನಲ್ಲ, ಕಲ್ಯಾಣಪ್ಪನನ್ನು ನೋಡಿದ.

"ಹೊಸದಲ್ವಾ ಇದು?" ಎಂದ ರವಿಶಂಕರ್. "ನಿಮಗೆ ಕಣ್ಣು ಸ್ವಲ್ಪ ಮಂದ ಅಂತ ಕಲ್ಯಾಣಪ್ಪೋರು ಹೇಳಿದ್ರು..."

ಸಾಬಣ್ಣ ಗೇರನ್ನು ಮತ್ತೆ ಮೊದಲಿನಂತೆಯೇ ಕೂರಿಸಿ, ಉಳಿದ ಎಳೆಯನ್ನು ಕಲ್ಯಾಣಪ್ಪನ ಕೈಗಿಟ್ಟ. "ನನ್ನ ಕಣ್ಣು ಮಂದ ಇರಲಿ ಬಿಡ್ರಿ ಸಾವಕಾರ್ರ. ನಿಮ್ಮವು ಚುರುಕ ಅವ. ನೀವ ತಿರುಗಸ್ರಿ."

ಇಪ್ಪತ್ತೆರಡು ವರ್ಷ ಗೇರು ಮಾರಿದವನು ಮೊದಲ ಸಲ ಒಂದು ಗೇರು ತಿರುಗಿಸಿದ. ಕಾಗದ ಅವನ ಬೆರಳ ಬುಡದಲ್ಲೇ ತುಂಡಾಯಿತು. ನಾಲಿಗೆಯ ಮೇಲೆ ನಾಲ್ಕು ಸುಳ್ಳುಗಳು ಸಿದ್ಧವಿದ್ದವು, ಎಲ್ಲಕ್ಕೂ ಎಣ್ಣೆಕಾಗದ ಸುತ್ತಿತ್ತು. ಸಾಬಣ್ಣ ಅರಿವೆಯಿಂದ ಕೈ ಒರೆಸಿಕೊಳ್ಳುತ್ತ ನಿಂತಿದ್ದ. ಬೈಯಲೂ ಇಲ್ಲ, ಕಾಪಾಡಲೂ ಇಲ್ಲ. ಬೈದಿದ್ದರೆ ವ್ಯಾಪಾರಿಗೆ ಉತ್ತರ ಸಿಗುತ್ತಿತ್ತು.

"ಹಳೇದ್ರಿ ಸಾಹೇಬ್ರ" ಎಂದ ಕಲ್ಯಾಣಪ್ಪ ಕೊನೆಗೆ. "ಬುಶ್ ನಾನ ಹಾಕ್ಸೀನಿ. ತೂತು ನಟ್ಟನಡುವ ಬಂದಿಲ್ಲ."

"ಮತ್ತೆ ಆ ಎಣ್ಣೆಕಾಗದ?"

"ಅದೂ ನಂದ."

ಶನಿವಾರ ಅಮೆರಿಕದ ಸಾಹೇಬ ಎಲ್ಲರ ಹಾಗೆ ಬಿಳಿ ಕ್ಯಾಬಿನಲ್ಲಿ ಬಂದಿಳಿದ. ಸಾಬಣ್ಣ ಲೇತಿನ ಪಕ್ಕದಲ್ಲೇ ನಿಂತು ಹೊಸ ಬುಶ್ ಹಾಕಿಸಿ, ಇನ್ನೂ ಒಂಬತ್ತು ನಿನ್ನೆಗಳನ್ನು ಹರಿದು, ಎಂಜಿನ್ ಮುಚ್ಚಿದ. ಸದ್ದೇ ಇಲ್ಲದ ಅದು ಓಡುತ್ತಿದೆಯೋ ಇಲ್ಲವೋ ಎಂದು ರವಿಶಂಕರ್ ಕೈಯಿಟ್ಟು ನೋಡಬೇಕಾಯಿತು.

ಗೆಳೆಯರ ಮೂರು ಕಾರುಗಳೂ ಬಂದವು, ನೇರ ಕಾಚಿಗೂಡಕ್ಕೆ. "ಸಾಮಾನು ಅಬಿಡ್ಸಿನ್ಯಾಗ ಕಲ್ಯಾಣಪ್ಪನವರ ಹತ್ರನ ತಗೋರಿ" ಎಂದು ಸಾಬಣ್ಣ ಅವರನ್ನು ಕಳಿಸಿದ. "ಹೋಗುವಾಗ ಈ ಹಾಳಿ ಒಯ್ರಿ, ಅವರಿಗೆ ತಿರುಗ್ಸಾಕ ಬರತೈತಿ." ಈಗ ಅಬಿಡ್ಸಿನ ಅಂಗಡಿಯಲ್ಲೂ ಕ್ಯಾಲೆಂಡರ್ ತೂಗುತ್ತದೆ.

ಸಾಬಣ್ಣನ ಕಣ್ಣು ಮಂದ ಎಂದದ್ದು ಸುಳ್ಳು ಎಂಬ ಮಾತನ್ನು ಕಲ್ಯಾಣಪ್ಪ ರವಿಶಂಕರನ ಎದುರಿಗೆ ಇನ್ನೂ ಹೇಳಿಲ್ಲ. ಅದೊಂದು ಬಾಕಿಯನ್ನು ಅವನು ಸಾಬಣ್ಣನಿಗೆ ಕೊಡಬೇಕಿದೆ.