ಸುಡದ ಕೈ

ನನ್ನ ಕೈ ಸುಡುತ್ತಿರಲಿಲ್ಲ.

ಪುಣೆಯ ನಮ್ಮ ಎರಡು ಕೋಣೆಯ ಮನೆಯಲ್ಲಿ ಕಾದ ಹಂಚಿನ ಮೇಲಿನ ಜೋಳದ ರೊಟ್ಟಿಯನ್ನು ಬರಿಗೈಯಲ್ಲೇ ತಿರುವಿ ಹಾಕುತ್ತಿದ್ದೆ. "ನನ್ನ ಸೊಸಿ ಕೈ ಕಬ್ಬಿಣ ನೋಡ್ರಿ," ಎಂದು ಅತ್ತೆ ಬಂದವರಿಗೆಲ್ಲ ಹೇಳುತ್ತಿದ್ದರು. ನಾನೂ ಹಿಗ್ಗುತ್ತಿದ್ದೆ. ಒಂದು ದಿನ ಕಿರುಬೆರಳಿನ ಬದಿಗೆ ಬೊಬ್ಬೆ ಎದ್ದಿತ್ತು. ಕಣ್ಣಿಗೆ ಬಿದ್ದಾಗಲೇ ತಿಳಿದದ್ದು.

ಯಜಮಾನರು ಡಾಕ್ಟರ ಬಳಿ ಕರೆದೊಯ್ದರು. ಡಾಕ್ಟರು ಬೆಳಗಾವಿ ಕಡೆಯವರು. ಮೊಣಕೈ ಹಿಂದಿನ ನರ ಒತ್ತಿ ನೋಡಿ, ನನ್ನನ್ನು ಹೊರಗೆ ಕೂರಿಸಿ ಇವರೊಡನೆ ಮಾತಾಡಿದರು. "ಅಲರ್ಜಿ ಅಂತ," ಎಂದರು ಇವರು. ವರ್ಷವಿಡೀ ಗುಳಿಗೆ ಕೊಟ್ಟರು, ಪ್ಯಾಕೆಟ್ಟಿನಿಂದ ಬಿಡಿಸಿ ಸಣ್ಣ ಬಾಟಲಿಯಲ್ಲಿ ಹಾಕಿಟ್ಟು. ಗಂಡ ಕೊಟ್ಟ ಗುಳಿಗೆಯ ಹೆಸರು ಯಾರು ಕೇಳುತ್ತಾರೆ? ಆಮೇಲೆ, "ಮುಗದ್ವು. ಆರಾಮಾದಿ," ಎಂದರು.

ಎರಡು ತಿಂಗಳಿಗೆ ಮೊಣಕೈ ಸಿಡಿಯತೊಡಗಿತು. ಕೈ ಕೆಂಪಾಗಿ ಬಾತಿತು. ಆರಾಮಾದವಳಿಗೆ ಮತ್ತೇನು ರೋಗ ಎಂದು ಮೂರು ವಾರ ಉಪ್ಪಿನ ಶಾಖ ಕೊಟ್ಟುಕೊಂಡೆ. ಎರಡು ಬೆರಳು ಮಡಚಿದವು, ಚಾಚಲಾಗಲಿಲ್ಲ.

ಮತ್ತೆ ಅದೇ ದವಾಖಾನೆಗೆ ಹೋದಾಗ ಡಾಕ್ಟರು ಸಿಟ್ಟಾದರು. "ಕೈ ಬಾತ್ರ ಅವತ್ತ ಬರ್ರಿ ಅಂತ ನಿಮ್ಮ ಯಜಮಾನ್ರಿಗೆ ಹೇಳಿದ್ದೆನಲ್ರಿ. ಕುಷ್ಠರೋಗದಾಗ ಹಿಂಗ ಆಗ್ತದ."

ಕುಷ್ಠರೋಗ.

ಇವರು ನೆಲ ನೋಡುತ್ತ ಹೇಳಿದರು: "ತಂಗಿ ಲಗ್ನ ಇತ್ತು. ಸಾಸವಡದ ಬೀಗರಿಗೆ ಗೊತ್ತಾಗಿದ್ರ ನಿಂತಹೋಗ್ತಿತ್ತು."

ಆ ಲಗ್ನಕ್ಕೆ ಹೋಳಿಗೆ ಬೇಯಿಸಿದ್ದು ಇದೇ ಕೈ.

ಡಾಕ್ಟರು ಬಿಡಿಸಿ ಹೇಳಿದರು. ಆ ಕ್ರಿಮಿಗೆ ಮೇಣದಂಥ ಕೊಬ್ಬಿನ ಹೊದಿಕೆ ಇರುತ್ತದಂತೆ. ಅದನ್ನು ಹೊದ್ದು, ಮೈಯ ಕಾವಲನ್ನು ಮಂಕಾಗಿಸಿ, ನರದೊಳಗೆ ಕೂರುತ್ತದೆ. ಗುಳಿಗೆ ಕ್ರಿಮಿಯನ್ನು ಕೊಂದರೂ ಹೊದಿಕೆಯ ಚೂರುಗಳು ಬೇಗ ಕರಗುವುದಿಲ್ಲ. ಆಗ ಕಾವಲು ಎಚ್ಚೆತ್ತು ಆ ಚೂರುಗಳ ಮೇಲೆ ಬೀಳುತ್ತದೆ, ಪೆಟ್ಟು ಮಾತ್ರ ನರಕ್ಕೆ. ಕ್ರಿಮಿಯಾದರೂ ವೈರಿ, ಅದರ ಕೆಲಸ ಅದು ಮಾಡಿತು. ನನ್ನ ಮೈಯೇ ನನ್ನನ್ನು ಹೊಡೆಯಿತಲ್ಲ, ನನ್ನ ಗಂಡನೇ ಬಾಯಿ ಮುಚ್ಚಿಕೊಂಡರಲ್ಲ! ಹೇಳಿದ್ದರೆ ಕೈ ಬಾತ ದಿನವೇ ಓಡಿಬರುತ್ತಿದ್ದೆ. ಆ ಸಿಟ್ಟು ಇನ್ನೂ ಇಳಿದಿಲ್ಲ.

ಸ್ಟಿರಾಯ್ಡ್ ಶುರುವಾಯಿತು. ಮುಖ ಉಬ್ಬಿತು, ನಿದ್ದೆ ಹೋಯಿತು. ನಿಧಾನಕ್ಕೆ ಉಂಗುರದ ಬೆರಳು ನೆಟ್ಟಗಾಯಿತು. ಕಿರುಬೆರಳು ಬಾಗಿಯೇ ಇದೆ.

ಮೊನ್ನೆ ಚೆಕಪ್ಪಿನಲ್ಲಿ ಡಾಕ್ಟರು ಬೆರಳು ನೋಡಿ, ರೂಢಿಯಂತೆ ಇವರ ಕಡೆ ತಿರುಗಿದರು.

"ಕೈ ನಂದದ್ರಿ. ನನಗ ಹೇಳ್ರಿ," ಎಂದೆ.

ಅವರು ಕುರ್ಚಿ ನನ್ನ ಕಡೆ ಸರಿಸಿದರು. "ಶಕ್ತಿ ಇನ್ನೊಂಚೂರು ಬರಬಹುದು. ಸುಡೂದು ಮಾತ್ರ ಇನ್ನ ತಿಳಿಯೂದಿಲ್ಲವ್ವಾ."

ಕೆಟ್ಟ ಸುದ್ದಿಯೇ. ಆದರೂ ನನಗೇ ಮೊದಲು ಸಿಕ್ಕಿತು. ಕೈ ಮುಗಿದು ಎದ್ದೆ. ಮನೆಗೆ ಬರುವಾಗ ರೊಟ್ಟಿ ತಿರುವಲು ಒಂದು ಇಕ್ಕಳ ಕೊಂಡೆ.