ಅತ್ತೆಯ ಮೊದಲ ಕೇಕು

ಮದುವೆಯಾಗಿ ಕಮರಿಪೇಟೆಯ ಈ ಮನೆಗೆ ಬಂದಾಗ ನನಗೆ ಮಾಡಲು ಬರುತ್ತಿದ್ದದ್ದು ಅನ್ನ, ಬೇಳೆಸಾರು, ಉಪ್ಪಿಟ್ಟು, ಇಷ್ಟೇ. ಧಾರವಾಡದ ನನ್ನ ತವರಿನಲ್ಲಿ ಅಪ್ಪ ಅಮ್ಮ ಇಬ್ಬರೂ ಶಿಕ್ಷಕರು. ಬೆಳಗಾದರೆ ಮನೆಮಂದಿಯೆಲ್ಲ ಬಾಗಿಲ ಕಡೆ ಓಡುವವರೇ. ಜೋಳದ ರೊಟ್ಟಿಯನ್ನು ಓಣಿಯ ಹೆಂಗಸೊಬ್ಬಳು ಬಡಿದು, ಬಟ್ಟೆಯಲ್ಲಿ ಸುತ್ತಿ ಕೊಟ್ಟು ಹೋಗುತ್ತಿದ್ದಳು. ಹಾಗಾಗಿ ರೊಟ್ಟಿ ಎಂದರೆ ಹಾಲು, ಪೇಪರುಗಳ ಹಾಗೆ ಬಾಗಿಲಿಗೆ ಬರುವ ವಸ್ತು ಎಂದುಕೊಂಡೇ ಬೆಳೆದವಳು ನಾನು.

ಅತ್ತೆಯದು ಬೇರೆಯೇ ಲೋಕ. ಓಣಿಯಲ್ಲಿ ಯಾರ ಮನೆಯ ಬಸುರಿಯ ಕುಬಸವಿರಲಿ, ಮದುವೆಯಿರಲಿ, ಹೋಳಿಗೆಯ ಹೂರಣದ ಹದ ನೋಡಲು ಅವರಿಗೇ ಕರೆ ಬರುತ್ತಿತ್ತು. ಅವರು ಅಳತೆ ಹಿಡಿದು ಅಡುಗೆ ಮಾಡಿದ್ದನ್ನು ನಾನು ಕಂಡಿಲ್ಲ. ಉಪ್ಪು ಹಾಕುವಾಗ ಕಣ್ಣು ಹಿತ್ತಲ ಬೆಕ್ಕಿನ ಮೇಲೋ ಬೀದಿಯ ಸೊಪ್ಪಿನವಳ ಮೇಲೋ ಇರುತ್ತಿತ್ತು. ಕೈ ಮಾತ್ರ ತಪ್ಪುತ್ತಿರಲಿಲ್ಲ.

ಅಂಥವರ ಅಡುಗೆಮನೆಯಲ್ಲಿ ನಾನು ಮೊದಲ ಸಲ ರೊಟ್ಟಿ ಬಡಿದ ದಿನ, ಹಿಟ್ಟಿಗೆ ಬಿಸಿ ಎಸರು ಹಾಕಿ ನಾದಬೇಕೆಂಬುದೇ ಗೊತ್ತಿರಲಿಲ್ಲ. ತಣ್ಣೀರಲ್ಲಿ ಕಲಸಿದೆ. ಹಲಗೆಯ ಮೇಲೆ ನೋಡಲು ದುಂಡಗೇ ಇತ್ತು. ಎತ್ತಿ ಹಂಚಿನ ಮೇಲೆ ಹಾಕುವಷ್ಟರಲ್ಲಿ ಅರ್ಧ ಕೈಯಲ್ಲಿ, ಅರ್ಧ ಒಲೆಯ ಕಟ್ಟೆಯ ಮೇಲೆ. ಅಂತೂ ಚೂರುಚೂರಾದದ್ದನ್ನೇ ಬೇಯಿಸಿ, ತಲೆ ತಗ್ಗಿಸಿಕೊಂಡು ಮಾವನವರ ತಾಟಿಗೆ ಹಾಕಿದೆ. ಅತ್ತೆ ಏನೂ ಅನ್ನಲಿಲ್ಲ. ಆದರೆ ಅವರ ಹುಬ್ಬು ಅಂದಿತು.

ಮಾವ ಒಂದು ಚೂರನ್ನು ಬದನೆಕಾಯಿ ಎಣ್ಣೆಗಾಯಿಗೆ ಅದ್ದಿ ಬಾಯಿಗೆ ಹಾಕಿಕೊಂಡು, "ರೊಟ್ಟಿ ಹೆಂಗೂ ಮುರ್ಕೊಂಡ ತಿನ್ನಬೇಕಲ್ಲಾ. ನಮ್ಮ ಸೊಸಿ ಮೊದಲ ಮುರಿದು ಕೊಟ್ಟಾಳ, ಬಿಡು" ಎಂದರು.

ಅಂದಿನಿಂದ ನಾನು ಮಾವನ ಪಕ್ಷ.

ಮಾವ ಹತ್ತಿಯ ವ್ಯಾಪಾರ ಮಾಡಿದವರು. ವಯಸ್ಸಿನಲ್ಲಿದ್ದಾಗ ಗುಂಟೂರು, ರಾಜಕೋಟ್ ಎಂದು ತಿರುಗುತ್ತ, ಹೋದ ಊರಿನ ಊಟವನ್ನೇ ಉಂಡು, ಬಂದಮೇಲೆ ಅದರ ರುಚಿಯನ್ನು ವರ್ಣಿಸುತ್ತಿದ್ದರಂತೆ. "ಅಷ್ಟ ಛಲೋ ಇದ್ದರ ಅಲ್ಲೇ ಉಂಡು ಬರ್ರಿ. ಈ ಒಲಿ ಮ್ಯಾಲ ಅದೆಲ್ಲ ಆಗೂದಿಲ್ಲ" ಎನ್ನುವುದು ಅತ್ತೆಯ ಉತ್ತರ. ವ್ಯಾಪಾರ ಬಿಟ್ಟಮೇಲೆ ಮಾವನ ತಿರುಗಾಟ ನಿಂತಿತು. ನಾಲಿಗೆಯ ಕುತೂಹಲ ಮಾತ್ರ ನಿಂತಿರಲಿಲ್ಲ.

ಒಂದು ಭಾನುವಾರ ಅತ್ತೆ ಧಾರವಾಡದ ತಮ್ಮ ಅಕ್ಕನ ಮನೆಗೆ ಹೋದರು. ನನ್ನ ಗಂಡ ಕೆಲಸದ ಮೇಲೆ ಸದಾ ಊರೂರು ಅಲೆಯುವವರು, ಅಂದೂ ಇರಲಿಲ್ಲ. ಮಾವ ಅಡುಗೆಮನೆಯ ಬಾಗಿಲಲ್ಲಿ ನಿಂತು, ಯಾರೂ ಇಲ್ಲದ ಮನೆಯಲ್ಲೂ ದನಿ ತಗ್ಗಿಸಿ ಕೇಳಿದರು: "ಅಲ್ಲವಾ, ನಾ ಎಂದೂ ತಿನ್ನದಿದ್ದದ್ದು ಏನರ ಮಾಡ್ತಿ ಏನು ಇವತ್ತ?"

ನಾನು ಸ್ಕೂಟರ್ ತೆಗೆದುಕೊಂಡು ವಿದ್ಯಾನಗರಕ್ಕೆ ಹೋಗಿ ಮ್ಯಾಕರೋನಿ, ಚೀಸು, ಒರೆಗಾನೊ ಎಂಬ ಒಣಸೊಪ್ಪಿನ ಸಣ್ಣ ಬಾಟಲಿ ತಂದೆ. ಮ್ಯಾಕರೋನಿ ಚೆನ್ನಾಗಿಯೇ ಬೆಂದಿತು. ಕೆಟ್ಟದ್ದು ಹಾಲು. ಬೆಣ್ಣೆಯಲ್ಲಿ ಮೈದಾ ಹುರಿದು, ಹಾಲು ಸುರಿದು ತಿರುವುತ್ತಿರಬೇಕು. ಅಷ್ಟರಲ್ಲಿ ಫೋನ್ ಬಂತು. ಮಾತು ಮುಗಿಸಿ ಬರುವಾಗ ಮೇಲೆ ಗಂಟುಗಂಟು, ತಳದಲ್ಲಿ ಕಪ್ಪು, ಮನೆಯ ತುಂಬ ಸೀದ ವಾಸನೆ. ಮಾವ ಕಿಟಕಿಗಳನ್ನೆಲ್ಲ ತೆರೆದು ಟವೆಲಿನಿಂದ ಗಾಳಿ ಬೀಸುತ್ತಿರುವಾಗಲೇ ಅತ್ತೆ ಒಳಗೆ ಬಂದರು. ಅಕ್ಕನ ಮನೆಯವರು ಎಲ್ಲಿಗೋ ಹೊರಟು ನಿಂತಿದ್ದರಂತೆ. ಇವರು ಸಂಜೆಯವರೆಗೆ ಕಾಯದೆ ಬಸ್ಸು ಹತ್ತಿಬಿಟ್ಟಿದ್ದರು.

"ಹಾಲ ಹೊತ್ತಸೀರಿ" ಎಂದರು, ಚಪ್ಪಲಿ ಬಿಡುವ ಮೊದಲೇ.

ಆಮೇಲೆ ಅವರ ಕಣ್ಣು ಜಾಲರಿಯಲ್ಲಿ ಬಸಿಯಲು ಇಟ್ಟಿದ್ದ ಮ್ಯಾಕರೋನಿಯ ಮೇಲೆ ಬಿತ್ತು. ಒಂದನ್ನು ಎತ್ತಿ ಬೆರಳಲ್ಲಿ ಒತ್ತಿದರು. ಮೂಸಿದರು. ಬಾಯಿಗೆ ಹಾಕಿಕೊಂಡರು.

"ಗೋದೀದು ಇದು. ಇದು ಗೌಲಿ ಅಲ್ಲೇನು?"

ನನಗೆ ಗೌಲಿ ಗೊತ್ತಿರಲಿಲ್ಲ. ಅವರೇ ಹೇಳಿದರು. ಅವರ ಚಿಕ್ಕಂದಿನಲ್ಲಿ ಮನೆಯಲ್ಲಿ ಮದುವೆ ಇದೆ ಎಂದರೆ ಬೇಸಿಗೆಯಲ್ಲಿ ಹೆಂಗಸರೆಲ್ಲ ಸಾಲಾಗಿ ಕೂತು, ಗೋದಿಯ ಕಣಕವನ್ನು ಬೆರಳುಗಳ ನಡುವೆ ಹೊಸೆದು ಅಕ್ಕಿಕಾಳಿನಷ್ಟು ಸಣ್ಣಗೆ ಮಾಡಿ ಒಣಗಿಸುತ್ತಿದ್ದರಂತೆ. ಅದರ ಪಾಯಸ ಬಡಿಸದಿದ್ದರೆ ಮದುವೆಯೂಟ ಮುಗಿದಂತಲ್ಲ. "ಕೈ ಹರದು ಹೋಗ್ತಿದ್ವು ಮಾಡಿ ಮಾಡಿ. ಇದನ್ನ ಮಾಡಿದವರು ನಡುವ ತೂತು ಬಿಟ್ಟಾರ, ಅಷ್ಟ" ಎಂದು ಸೆರಗು ಸಿಕ್ಕಿಸಿ, ಉಳಿದ ಹಾಲನ್ನು ಬೇರೆ ಪಾತ್ರೆಯಲ್ಲಿ ಕಾಯಿಸಿದರು. ಮ್ಯಾಕರೋನಿ ಹಾಕಿ ಕುದಿಸಿದರು. ಹಾಲು ಒಡೆಯಬಾರದೆಂದು ಒಲೆಯಿಂದ ಇಳಿಸಿ ಸ್ವಲ್ಪ ಆರಿದ ಮೇಲೆಯೇ ಬೆಲ್ಲ. ಮೇಲೆ ಏಲಕ್ಕಿ, ಹುರಿದ ಗಸಗಸೆ, ಒಣಕೊಬ್ಬರಿ, ತುಪ್ಪ.

ನಾವು ಮೂವರೂ ಅಡುಗೆಮನೆಯ ನೆಲದ ಮೇಲೇ ಕೂತು ಉಂಡೆವು. ಕೊಳವೆಗಳ ಒಳಗೆ ಬೆಲ್ಲದ ಹಾಲು ತುಂಬಿಕೊಂಡಿತ್ತು. ಕಚ್ಚಿದರೆ ಪಿಚಕ್ಕನೆ ಬಾಯಿಗೆ ಚಿಮ್ಮುತ್ತಿತ್ತು. ಮಾವ ಅಷ್ಟಕ್ಕೇ ಬಿಡದೆ ನನ್ನ ಗಂಟುಗಂಟಿನ ಬಿಳಿ ಸಾಸನ್ನೂ ಹಾಕಿಸಿಕೊಂಡರು. "ಇದರಾಗ ಅಜಿವಾನ ಹಾಕೀಯೇನು?" ಎಂದರು. ಒರೆಗಾನೊ ಮೂಸಿ ನೋಡಿದರೆ ಖರೆ, ಓಂಕಾಳಿನದೇ ವಾಸನೆ.

ಊಟವಾದ ಮೇಲೆ ಅತ್ತೆ ತೀರ್ಪು ಕೊಟ್ಟರು. "ಹೊಸಾದು ಏನ ಬೇಕಾದ್ದು ಮಾಡ್ರಿ. ನನ್ನ ಮುಂದ ಮಾಡ್ರಿ. ಕದ್ದು ಮಾಡಬ್ಯಾಡ್ರಿ."

ಹಾಗೆ ನಮ್ಮ ಭಾನುವಾರಗಳು ಶುರುವಾದವು. ನಾನು ಹೊಸದು ತಂದು ಮಾಡುತ್ತಿದ್ದೆ, ಕೆಲವೊಮ್ಮೆ ಕೆಡಿಸುತ್ತಿದ್ದೆ. ಮಾವ ಎರಡನ್ನೂ ತಿನ್ನುತ್ತಿದ್ದರು. ಅತ್ತೆ ಒಂದು ಚೂರು ಬಾಯಿಗಿಟ್ಟು, ಕಣ್ಣು ಮುಚ್ಚಿ, ಇದು ನಮ್ಮ ಯಾವ ಅಡುಗೆಯ ಬಳಗ ಎಂದು ಹೇಳುತ್ತಿದ್ದರು. ಮೋಮೊ ಅವರಿಗೆ ಬೆಲ್ಲ ಮರೆತ ಕಡಬು. ಬೆಣ್ಣೆಹಣ್ಣಿಗೆ ಮಾತ್ರ ಬಳಗವೇ ಸಿಗಲಿಲ್ಲ. "ಬೆಣ್ಣಿ ಮನ್ಯಾಗ ಇಟ್ಕೊಂಡು ಇದನ್ನ ಯಾಕ ತಿಂತಾರ ಮಂದಿ?" ಎಂದು ಅದಕ್ಕೆ ಉಪ್ಪು ಹಾಕಿ, ಬಿಸಿ ರೊಟ್ಟಿಗೆ ಸವರಿ, ಮೇಲೆ ಶೇಂಗಾ ಚಟ್ನಿ ಉದುರಿಸಿದರು. ಬೈಯುತ್ತಲೇ ಇಡೀ ಹಣ್ಣು ಖಾಲಿಯಾಯಿತು.

ಇಷ್ಟಾದರೂ ಅವರು ತಾವಾಗಿ ಹೊಸದೊಂದನ್ನು ಒಲೆಗೆ ಇಟ್ಟವರಲ್ಲ. ರುಚಿ ನೋಡುವುದು, ತಿದ್ದುವುದು, ಅಲ್ಲಿಗೆ ಮುಗಿಯಿತು.

ಕಳೆದ ವರ್ಷ ನನ್ನ ಹುಟ್ಟುಹಬ್ಬದ ದಿನ ನಾನು ಕಲಿಸುವ ಕಾಲೇಜಿನಲ್ಲಿ ಪಾಠ ಮುಗಿಸಿ ಸಂಜೆ ಮನೆಗೆ ಬಂದೆ. ಮಾವ ಹೊರಗಿನ ಕಟ್ಟೆಯ ಮೇಲೆ ಕೂತಿದ್ದರು.

"ಲಗೂ ಒಳಗ ಹೋಗಬ್ಯಾಡವಾ. ನಿಮ್ಮತ್ತಿ ಸಿಟ್ಟಾಗ್ಯಾಳ."

"ಯಾರ ಮ್ಯಾಲರಿ ಮಾವಾರ?"

"ಕುಕ್ಕರ್ ಮ್ಯಾಲ."

ಒಳಗೆ ಅತ್ತೆ ನೆಲದ ಮೇಲೆ ಕೂತಿದ್ದರು. ಕೂದಲಿಗೆ, ಮೂಗುಬೊಟ್ಟಿಗೆ ಮೈದಾ ಮೆತ್ತಿತ್ತು. ಮುಂದಿನ ತಾಟಿನಲ್ಲಿ ಕಂದು ಬಣ್ಣದ, ಬೆವರಿದಂತೆ ಹೊಳೆಯುವ ಗಟ್ಟಿ ಬಿಲ್ಲೆ. ಮಾವನ ಮೊಬೈಲಿನಲ್ಲಿ ಹುಡುಗಿಯೊಬ್ಬಳ ವಿಡಿಯೊ ನೋಡಿಕೊಂಡು, ನಾನು ಬರುವುದರೊಳಗೆ ತತ್ತಿಯಿಲ್ಲದ ಕೇಕು ಮಾಡಿ ಇಡಬೇಕೆಂದು ಮಧ್ಯಾಹ್ನದಿಂದ ಹೆಣಗಿದ್ದರು.

"ಆ ಹುಡುಗಿ ಕುಕ್ಕರಿಗೆ ನೀರ ಹಾಕಬ್ಯಾಡ್ರಿ, ಸೀಟಿ ತಗೀರಿ ಅಂದ್ಲು. ನೀರಿಲ್ಲದ ಕುಕ್ಕರ್ ಒಡೀತೈತಿ, ಆಕಿಗೇನ ಗೊತ್ತು ಅಂತ ನಾನ ನೀರ ಹಾಕಿದೆ" ಎಂದರು.

"ಸೀಟಿ?"

"ಸೀಟಿನೂ ಹಾಕಿದೆ. ಬ್ಯಾಳಿಗಿಂತ ಹೆಚ್ಚಿಗೀನ ಹೊಡಸಿದೆ."

ನಾನು ಅಂಚಿನಿಂದ ಒಂದು ಚೂರು ಕಿತ್ತು ಬಾಯಿಗೆ ಹಾಕಿಕೊಂಡೆ. ಸಿಹಿ ಸರಿಯಾಗಿತ್ತು, ಏಲಕ್ಕಿ ಘಮಘಮ ಅನ್ನುತ್ತಿತ್ತು. ಅಗಿದರೆ ಮಾತ್ರ ಹಲ್ಲಿಗೇ ತಿರುಗಿ ಪುಟಿಯುತ್ತಿತ್ತು.

"ಛಲೋ ಐತ್ರಿ ಅತ್ತಿ."

"ಸುಳ್ಳ ಹೇಳಬ್ಯಾಡ."

"ರಬ್ಬರ್ ಇದ್ದಂಗ ಐತ್ರಿ" ಎಂದುಬಿಟ್ಟೆ.

ಒಂದು ಗಳಿಗೆ ನನ್ನ ಮುಖವನ್ನೇ ನೋಡಿದರು. ಆಮೇಲೆ ನಕ್ಕರು. ಅವರು ಹಾಗೆ ಬಾಯಿತುಂಬ ನಕ್ಕದ್ದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಕಣ್ಣೊರೆಸಿಕೊಂಡು, "ನನ್ನ ಅಡಿಗಿ ಕೆಟ್ಟೈತಿ ಅಂತ ಅಂದಾಕಿ ನೀನ ಮೊದಲ ನೋಡು" ಎಂದರು. ತಾಟನ್ನು ಬದಿಗೆ ಸರಿಸುತ್ತ, "ನಮ್ಮತ್ತಿ ಮುಂದ ಕೆಡಸೂ ಧೈರ್ಯ ನನಗಿದ್ದಿಲ್ಲ ತಂಗಿ. ಅದಕ್ಕ ಕೆಡದಂಥಾದ್ದನ್ನಷ್ಟ ಮಾಡಕೋತ ಬಂದೆ" ಎಂದರು.

ಅವರ ಪಕ್ಕ ಕೂತು ಕೂದಲಿಗೆ ಹತ್ತಿದ ಮೈದಾ ಒರೆಸಿದೆ. ಈ ಹೆಂಗಸಿನ ಕೈ ಇಷ್ಟು ವರ್ಷ ತಪ್ಪದೇ ಇದ್ದದ್ದು ಯಾಕೆಂದು ಆಗ ನನಗೆ ಹೊಳೆಯಿತು. ಅವರ ಮೇಲೆ ಪ್ರೀತಿ ಉಕ್ಕಿತು.

ಆ ಬಿಲ್ಲೆಯನ್ನು ನಾನು ತೆಳ್ಳಗೆ ಹೋಳು ಮಾಡಿ, ಹಂಚಿನ ಮೇಲೆ ತುಪ್ಪ ಬಿಟ್ಟು ಎರಡೂ ಬದಿ ಕೆಂಪಗೆ ಸುಟ್ಟೆ. ಅಂಚು ಗರಿಗರಿ, ನಡುವೆ ಮೆತ್ತಗೆ. ಮಾವ ಕರೆಂಟ್ ಹೋದಾಗ ಹಚ್ಚುವ ದಪ್ಪ ಮೇಣದಬತ್ತಿಯನ್ನೇ ಹುಡುಕಿ ತಂದರು. ಊರಿನಿಂದ ಆಗಷ್ಟೇ ಬಂದ ನನ್ನ ಗಂಡ ಕೈಕಾಲು ತೊಳೆದು ಕೂತು, ಏನು ಎತ್ತ ಎಂದು ಕೇಳದೆ ತಿಂದು, "ಇನ್ನೂ ಅದಾವೇನು?" ಎಂದರು. ಅತ್ತೆ ನನ್ನ ಕಡೆ ನೋಡಿದರು. ನಾನು ಗಂಡನ ತಾಟಿಗೆ ಇನ್ನೆರಡು ಹೋಳು ಹಾಕಿದೆ.

ಮುಂದಿನ ಭಾನುವಾರ ಅತ್ತೆ ಬೆಳಿಗ್ಗೆಯೇ ಕುಕ್ಕರ್ ಇಳಿಸಿ, ಸೀಟಿ, ರಬ್ಬರ್ ಎರಡೂ ತೆಗೆದು ನನ್ನ ಕೈಗೆ ಕೊಟ್ಟರು. "ನೀ ಬಾಜೂಕ ನಿಂದ್ರು. ನಾ ಮಾಡ್ತೇನಿ." ತಳಕ್ಕೆ ಉಪ್ಪು ಹರಡಿ, ನೀರಿಲ್ಲದ ಕುಕ್ಕರನ್ನು ಒಲೆಗೆ ಇಟ್ಟಮೇಲೆ ಅದು ಸಿಡಿಯುತ್ತದೆಂಬ ಭಯಕ್ಕೆ ಬಾಗಿಲ ಹಿಂದೆ ಹೋಗಿ ನಿಂತುಕೊಂಡರು. ಸಿಡಿಯಲಿಲ್ಲ. ಕೇಕು ಉಬ್ಬಿ, ನಡುವೆ ಸಣ್ಣಗೆ ಬಿರುಕು ಬಿಟ್ಟು, ಹತ್ತಿಯಂತೆ ಹಗುರಾಗಿ ಎದ್ದಿತ್ತು.

ಮಾವ ಒಂದು ತುಂಡು ತಿಂದು, ಯೋಚಿಸಿ ಹೇಳಿದರು: "ಛಲೋ ಆಗೇತಿ. ಆದರ ಖರೇ ಹೇಳಲೇನು? ಹೋದ ಸಲದ್ದು ನನಗ ಇದಕ್ಕಿಂತ ಸೇರಿತ್ತು."

"ಹಂಗಿದ್ದರ ಕೆಡಸೂದನ್ನೂ ಕಲೀತೇನಿ ಬಿಡ್ರಿ" ಎಂದು ಅತ್ತೆ ಅವರ ತಾಟಿಗೆ ಇನ್ನೊಂದು ತುಂಡು ಹಾಕಿದರು.